ಚಳಿಯಲ್ಲಿ ಬೀಳದ ಗೇರ್

ಸಹಕಾರನಗರ, ಪುಣೆ
೧೮ ಜನವರಿ ೧೯೮೪

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಶಾಮಲಾ ಕಳಿಸಿದ ಎಣ್ಣೆಯನ್ನು ಹಚ್ಚಿಕೊಳ್ಳುತ್ತೀಯೋ, ಅಥವಾ ಅದನ್ನು ಹಿಟ್ಟಿನ ಡಬ್ಬಿಗಳ ಹಿಂದೆ ಇಟ್ಟು ಮರೆತಿದ್ದೀಯೋ? ಭಾವನವರ ಸಕ್ಕರೆ ಕಾಯಿಲೆ ಹಬ್ಬದಲ್ಲಿ ಏನಾಯಿತೆಂದು ಕೇಳುವುದಿಲ್ಲ. ಎಳ್ಳು ಹೋಳಿಗೆ ಎದುರಿಗಿದ್ದಾಗ ಅವರು ಡಾಕ್ಟರ ಮಾತನ್ನು ಎಂದೂ ನೆನೆಸಿಕೊಂಡವರಲ್ಲ. ನೀವು ಕಳಿಸಿದ ಕುಸುರೆಳ್ಳು ಮುಟ್ಟಿತು. ಡಬ್ಬಿಯ ಮುಚ್ಚಳ ದಾರಿಯಲ್ಲಿ ಸಡಿಲಾಗಿ ಅರ್ಧ ಎಳ್ಳು ಸುತ್ತಿದ ಅರಿವೆಯೊಳಗೆ ಸೇರಿತ್ತು. ಶಾಮಲಾ ಸಂಜೆಯೆಲ್ಲ ಕೂತು ಒಂದೊಂದೇ ಆರಿಸಿ ತೆಗೆದಳು. ಮಗ ಕುಶಲ ಹಾಸ್ಟೆಲಿನಿಂದ ಪತ್ರ ಬರೆದಿಲ್ಲ, ಅಂದರೆ ಆರಾಮವಾಗಿದ್ದಾನೆ. ಹುಡುಗನಿಗೆ ದುಡ್ಡು ಬೇಕಾದಾಗ ಮಾತ್ರ ಅವನ ಅಕ್ಷರ ದುಂಡಗಾಗುತ್ತದೆ. ನಾವಿಬ್ಬರೂ ಆರಾಮವಾಗಿದ್ದೇವೆ. ಈ ಮಾತನ್ನು ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತೆ. ಇರಲಿ, ಹೊಡೆದು ಹಾಕುವುದಿಲ್ಲ.

ಬರೆಯಲು ಕೂತದ್ದು ಕಾರಿನ ವಿಷಯ. ಭಾವನವರಿಗೂ ಇದರಲ್ಲಿ ಪಾಲಿದೆ, ಆದರೆ ಅವರಿಗೆ ಎಷ್ಟು ಓದಿ ಹೇಳಬೇಕೆಂಬುದನ್ನು ನೀನೇ ನೋಡು. ಈ ಸಲ ಇಲ್ಲಿ ಚಳಿ ಬಹಳ. ಹತ್ತು ವರ್ಷದಲ್ಲಿ ಇಂಥ ಚಳಿ ಕಂಡಿಲ್ಲ ಎಂದು ನಮ್ಮ ಓಣಿಯವರು ಹೇಳುತ್ತಾರೆ. ಪ್ರತಿ ವರ್ಷವೂ ಹಾಗೆಯೇ ಹೇಳುತ್ತಾರೆ. ಬೆಳಗಿನ ಹೊತ್ತು ಪರ್ವತಿ ಗುಡ್ಡ ಕಾಣುವುದಿಲ್ಲ, ಹಾಲಿನವನು ಮಫ್ಲರಿನೊಳಗಿಂದ ಮಾತಾಡುತ್ತಾನೆ, ಹೊರಗೆ ನಿಲ್ಲಿಸಿದ ನಮ್ಮ ಅಂಬಾಸಿಡರ್ ಕಾರಿನ ಗಾಜನ್ನು ಎರಡು ಸಲ ಒರೆಸಬೇಕು. ಡಿಸೆಂಬರಿನ ಒಂದು ಬೆಳಿಗ್ಗೆ ಪಿಂಪ್ರಿಯ ಕಾರ್ಖಾನೆಗೆ ಹೊರಟು, ಎಂಜಿನ್ ಚಾಲೂ ಮಾಡಿ, ಎಡಗಾಲಿನಿಂದ ಕ್ಲಚ್ ತುಳಿದು, ಸ್ಟೀರಿಂಗಿನ ಕೆಳಗಿನ ಗೇರ್ ಕೋಲನ್ನು ಎಳೆದೆ. ಗೇರ್ ಬೀಳಲಿಲ್ಲ. ಇನ್ನೊಮ್ಮೆ ಎಳೆದೆ. ಒಳಗೆ ಹಲ್ಲು ಕಡಿದ ಸಪ್ಪಳವಾಯಿತು, ಕೋಲು ನನ್ನ ಕೈಯನ್ನು ಹಿಂದಕ್ಕೆ ತಳ್ಳಿತು. ಎಂಜಿನ್ ಬಂದ್ ಮಾಡಿ ಎಳೆದರೆ ಬೀಳುತ್ತಿತ್ತು, ಹಸಿ ಮಣ್ಣಿನಲ್ಲಿ ಗೂಟ ಊರಿದಂತೆ ನಿಧಾನವಾಗಿ. ಚಾಲೂ ಮಾಡಿದರೆ ಮತ್ತೆ ಇಲ್ಲ. ಆ ದಿನ ಬಸ್ಸು ಹಿಡಿದೆ. ರವಿವಾರ ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಅದೇ ಕಾರಿನಲ್ಲಿ ಕೂತು ಅದೇ ಕೋಲನ್ನು ಎಳೆದರೆ, ಏನೂ ನಡೆದೇ ಇಲ್ಲವೆಂಬಂತೆ ಗೇರ್ ಬಿತ್ತು.

ಸ್ವಾರಗೇಟಿನ ಹತ್ತಿರ ಹುಲಿಗೆಪ್ಪ ಎಂಬ ಮೆಕ್ಯಾನಿಕ್ ಇದ್ದಾನೆ. ರಾಯಚೂರಿನ ಕಡೆಯವನು, ಕನ್ನಡದವರು ಹೋದರೆ ಚಹಾ ತರಿಸುತ್ತಾನೆ. ಅವನು ಗ್ಯಾರೇಜು ತೆರೆಯುವ ಹೊತ್ತಿಗೆ ಬಿಸಿಲು ಏರಿರುತ್ತದೆ, ನಾನು ಕಾರು ಒಯ್ಯುವ ಹೊತ್ತಿಗೆ ಅದು ಬೆಚ್ಚಗಾಗಿರುತ್ತದೆ. ಅವನು ಕೂತು ಎಳೆದರೆ ಎಲ್ಲ ಗೇರೂ ಸರಾಗವಾಗಿ ಬೀಳುತ್ತವೆ. ಆದರೂ ನನ್ನ ಸಮಾಧಾನಕ್ಕೆಂದು ಕೋಲಿನ ಕೆಳಗಿನ ಸರಳುಗಳನ್ನು ಬಿಗಿ ಮಾಡಿದ, ಗ್ರೀಸ್ ಹಚ್ಚಿದ, ಕ್ಲಚ್ಚಿನ ಸಡಿಲು ತೆಗೆದ. ಗೇರ್ ಪೆಟ್ಟಿಗೆಯ ಎಣ್ಣೆ ಹೇಗಿದೆ ಎಂದು ಕೇಳಿದ. ಮೇ ತಿಂಗಳಲ್ಲಿ ಗುಲ್ಬರ್ಗಾಕ್ಕೆ ಹೋದಾಗ ಭಾವನವರು ನಿಂತು ಹೊಸದು ಹಾಕಿಸಿದ್ದಾರೆ ಅಂದೆ. ಬೆರಳು ಅದ್ದಿ ನೋಡಿದ, ತುಂಬ ಇತ್ತು, ಹೊಸದೂ ಇತ್ತು. ಎಣ್ಣೆಯ ಮಾತು ಅಲ್ಲಿಗೆ ಮುಗಿಯಿತು. ಮರುದಿನ ಬೆಳಿಗ್ಗೆ ಗೇರ್ ಬೀಳಲಿಲ್ಲ. ಮತ್ತೆ ಹೋದೆ, ಮತ್ತೆ ಸರಿ ಮಾಡಿದ, ಮತ್ತೆ ಬೀಳಲಿಲ್ಲ. ಕಡೆಗೆ ಒಂದು ದಿನ ಅವನು ಕೈ ಒರೆಸಿಕೊಳ್ಳುತ್ತ, ನಗುತ್ತಲೇ ಹೇಳಿದ: "ಸಾಹೇಬ್ರ, ಗಾಡಿ ಬೆಣ್ಣಿ ಆಗೇದ. ನೀವ ಕ್ಲಚ್ ಪೂರಾ ತುಳಿಯಂಗಿಲ್ಲ, ಅಷ್ಟ. ಎಡಗಾಲಿಗೆ ಏನರೆ ತ್ರಾಸ ಅದ ಏನು?"

ಅವನು ಆ ಪ್ರಶ್ನೆಯನ್ನು ಮನಸ್ಸಿಟ್ಟು ಕೇಳಿದ್ದಲ್ಲ. ಬೇರೆ ಗಿರಾಕಿ ಬಂದ, ಅವನ ಕಡೆ ಹೋದ. ನಾನು ಕಾರಿನಲ್ಲಿ ಕೂತು ಕೀಲಿ ತಿರುವುವುದಕ್ಕೆ ಬಹಳ ಹೊತ್ತು ತೆಗೆದುಕೊಂಡೆ.

ನಿನಗೆ ಗೊತ್ತಿರುವಂತೆ ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸ. ಬೇರೆಯವರು ಮಾಡಿದ ವಸ್ತುವಿನಲ್ಲಿ ದೋಷ ಎಲ್ಲಿದೆ ಎಂದು ಹುಡುಕುವುದಕ್ಕೆ ಸಂಬಳ ಕೊಡುತ್ತಾರೆ. ಅಲ್ಲಿ ಯೋಚಿಸುವಂತೆಯೇ ಇಲ್ಲಿಯೂ ಯೋಚಿಸಿದೆ. ಎಂಜಿನ್ ಬಂದ್ ಇದ್ದಾಗ ಬೀಳುವ ಗೇರ್, ಚಾಲೂ ಇದ್ದಾಗ ಬೀಳದಿದ್ದರೆ, ಎಂಜಿನ್ನಿಗೂ ಪೆಟ್ಟಿಗೆಗೂ ನಡುವಿನ ಹಿಡಿತ ಪೂರ್ತಿ ಬಿಟ್ಟಿಲ್ಲ ಎಂದೇ ಅರ್ಥ. ಆ ಹಿಡಿತ ಬಿಡಿಸುವುದು ಕ್ಲಚ್. ಕ್ಲಚ್ ಸರಿಯಾಗಿದೆ ಎಂದು ಹುಲಿಗೆಪ್ಪ ಹೇಳಿದ್ದಾನೆ. ಹಾಗಾದರೆ ಉಳಿಯುವುದು ಅದನ್ನು ತುಳಿಯುವ ಕಾಲು. ಚಳಿಗೆ ಮರಗಟ್ಟುವುದು, ಬಿಸಿಲಿಗೆ ಸರಿಯಾಗುವುದು, ಇದು ಕಬ್ಬಿಣಕ್ಕಿಂತ ಮಾಂಸಕ್ಕೇ ಹೆಚ್ಚು ಹೊಂದುವ ಲಕ್ಷಣ. ಅಕ್ಕಾ, ನನಗೆ ಆ ದಿನದಿಂದ ಕಾರಿನ ಹೆದರಿಕೆ ಹೋಯಿತು. ನನ್ನ ಎಡಗಾಲಿನ ಹೆದರಿಕೆ ಬಂತು.

ಅಪ್ಪನಿಗೆ ಆಗ ನನ್ನ ಈಗಿನ ವಯಸ್ಸು. ಹೊಸ್ತಿಲಿಗೆ ಎಡವತೊಡಗಿದ. ಕಲ್ಲಿನ ಹೊಸ್ತಿಲು ಎತ್ತರವಾಗಿದೆ ಅಂದ. ಅಂಗಳದ ಮಣ್ಣು ಸವೆದು ಕಲ್ಲು ಮೇಲೆದ್ದಿದೆ ಎಂದು ಕಾರಣವನ್ನೂ ಕೊಟ್ಟ. ಗೌಂಡಿಯನ್ನು ಕರೆಸಿ ಅದನ್ನು ಕೆತ್ತಿಸಿದ. ನಾವೆಲ್ಲ ಸುತ್ತ ನಿಂತು ಚಕ್ಕೆ ಹಾರುವುದನ್ನು ನೋಡಿದೆವು. ಮರುದಿನ ಕೆತ್ತಿದ ಹೊಸ್ತಿಲಿಗೂ ಎಡವಿದ, ಗೌಂಡಿ ಮೋಸ ಮಾಡಿದ ಎಂದು ಬೈದ. ಮನೆಯಲ್ಲಿ ಯಾರಿಗೂ ಬೇರೆ ಅನುಮಾನ ಬರಲಿಲ್ಲ. ಕಲ್ಲಿನ ಮೇಲೆ ತಪ್ಪು ಹೊರಿಸಿದಾಗ ಎಲ್ಲರಿಗೂ ಒಂದು ನೆಮ್ಮದಿ ಇರುತ್ತದೆ. ನೀನೊಬ್ಬಳು ಅಡಿಗೆಮನೆಗೆ ಹೋಗಿ, "ಹೊಸ್ತಲಾ ಅಲ್ಲವ್ವ, ಅಪ್ಪನ ಎಡಗಾಲ ಎಳೀತದ" ಅಂದೆ. ಅವ್ವ ನಿನ್ನ ಬಾಯಿಯ ಮೇಲೆ ಹೊಡೆದಳು. ಆ ಬೇಸಿಗೆ ಕಳೆಯುವುದರೊಳಗೆ ಅಪ್ಪನ ಎಡ ಭಾಗವೆಲ್ಲ ಬಿದ್ದುಹೋಯಿತು. ಅಲ್ಲಿಂದ ಮುಂದಿನದ್ದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಉಣಿಸಿದವಳು ನೀನು, ಮಗ್ಗುಲು ಬದಲಿಸಿದವಳು ನೀನು, ಅವನು ಏನು ಹೇಳುತ್ತಿದ್ದಾನೆಂದು ನಮಗೆ ಬಿಡಿಸಿ ಹೇಳಿದವಳೂ ನೀನು. ನಾನು ರಜೆಗೆ ಬಂದು ನೋಡಿ ಹೋಗುತ್ತಿದ್ದೆ. ಹೊರಸಿನ ಮೇಲೆ ಕೂತು ಅವನು ಬಲಗೈಯಿಂದ ಎಡಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದದ್ದು, ಬೇರೆ ಯಾರದೋ ಸಾಮಾನು ಕಾಯುತ್ತಿರುವವನಂತೆ, ಅದು ಮಾತ್ರ ನನಗೆ ಕಾಣುತ್ತಿರುತ್ತದೆ.

ಹುಲಿಗೆಪ್ಪ ಹಾಗಂದ ಮೇಲೆ ನನ್ನನ್ನು ನಾನು ಪರೀಕ್ಷೆ ಮಾಡತೊಡಗಿದೆ. ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಂಟಿ ಕಾಲಿನಲ್ಲಿ ನಿಂತೆ. ಮೆಟ್ಟಿಲು ಹತ್ತುವಾಗ ಯಾವ ಕಾಲು ಮೊದಲು ಹೋಗುತ್ತದೆಂದು ನೋಡಿದೆ. ನೋಡಲು ಶುರು ಮಾಡಿದ ಮೇಲೆ ಯಾವ ಕಾಲೂ ತಾನಾಗಿ ಹೋಗಲಿಲ್ಲ. ನಮ್ಮ ವಿಭಾಗದಲ್ಲಿ ಒಂದು ತೂಕದ ಯಂತ್ರವಿದೆ. ಊಟದ ಬಿಡುವಿನಲ್ಲಿ ಎಲ್ಲರೂ ಹೋದ ಮೇಲೆ ಕುರ್ಚಿ ಎಳೆದು ಕೂತು, ಅದರ ತಟ್ಟೆಯನ್ನು ಮೊದಲು ಬಲಗಾಲಿನಿಂದ ಒತ್ತಿದೆ, ನಂತರ ಎಡಗಾಲಿನಿಂದ. ಒಂದು ದಿನ ಎರಡೂ ಒಂದೇ ಬಂತು. ಇನ್ನೊಂದು ದಿನ ಎಡಗಾಲಿನದು ಕಡಿಮೆ ಬಂತು. ಅದರ ಮರುದಿನ ಜಾಸ್ತಿ ಬಂತು, ಬೇಕೆಂದೇ ಹೆಚ್ಚು ಒತ್ತಿದೆನೋ ಏನೋ. ಅಳೆಯುವವನೂ ಅಳತೆಗೆ ಒಳಗಾದವನೂ ಒಬ್ಬನೇ ಆದರೆ ಆ ಅಂಕಿಗೆ ಬೆಲೆಯಿಲ್ಲ ಎಂದು ಹೊಸಬರಿಗೆ ನಾನೇ ಕಲಿಸುತ್ತೇನೆ.

ಒಂದು ಪರೀಕ್ಷೆಯನ್ನು ಮಾತ್ರ ಮಾಡಲಿಲ್ಲ. ಅದು ಎಲ್ಲಕ್ಕಿಂತ ಸುಲಭದ್ದು, ಯಾರಿಗಾದರೂ ಮೊದಲು ಹೊಳೆಯುವಂಥದ್ದು. ಬೆಳಗಿನ ಚಳಿಯಲ್ಲಿ ಕಾರು ಓಡಿಸಬಲ್ಲ ಇನ್ನೊಬ್ಬನನ್ನು ಕೂರಿಸಿ ಗೇರ್ ಹಾಕಿಸಬೇಕು. ಅವನಿಗೂ ಬೀಳದಿದ್ದರೆ ದೋಷ ಕಾರಿನದು. ಅವನಿಗೆ ಬಿದ್ದರೆ ನನ್ನದು. ಮಾಡಿಸುವುದಕ್ಕೆ ಜನವೂ ಇದ್ದರು. ನಮ್ಮ ಮೇಲಿನ ಮನೆಯ ರಘುರಾಮ, ಹುಬ್ಬಳ್ಳಿಯವನು, ಬ್ಯಾಂಕಿನಲ್ಲಿದ್ದಾನೆ. ಅವನ ಮಾವನ ಹತ್ತಿರವೂ ಇಂಥದ್ದೇ ಕಾರಿತ್ತು, ಅದರಲ್ಲೇ ಕಲಿತವನು. ಒಂದು ಕೂಗು ಹಾಕಿದರೆ ಇಳಿದು ಬರುತ್ತಿದ್ದ. ನಾನು ಕೂಗಲಿಲ್ಲ. ಚಳಿಯಲ್ಲಿ ಬೇರೆ ಯಾರೂ ಆ ಕೋಲನ್ನು ಮುಟ್ಟದಿರುವವರೆಗೆ ಯಾವುದೂ ತೀರ್ಮಾನವಾಗಿರುವುದಿಲ್ಲ, ನಾನು ಅಷ್ಟರಲ್ಲೇ ಬದುಕುತ್ತಿದ್ದೆ. ಪೆಟ್ಟಿಗೆಯನ್ನೇ ಇಳಿಸಿ ಬಿಚ್ಚಿಬಿಡು ಎಂದು ಹುಲಿಗೆಪ್ಪನಿಗೆ ಹೇಳಿಯೂ ಬಂದೆ. ಅವನೇ ಬೇಡವೆಂದ, ಚೆನ್ನಾಗಿರುವುದನ್ನು ಬಿಚ್ಚಿದರೆ ಕೆಡುತ್ತದೆ ಅಂದ. ಬೆಳಿಗ್ಗೆ ಬೇಗ ಎದ್ದು, ಎಂಜಿನ್ ಚಾಲೂ ಮಾಡಿ, ಒಳಗೆ ಕೂತು ಕಾಯುತ್ತಿದ್ದೆ. ಬಹಳ ಹೊತ್ತಿನ ಮೇಲೆ, ಕಾರೋ ನಾನೋ ಬೆಚ್ಚಗಾದ ಮೇಲೆ, ಹೇಗೋ ಬೀಳುತ್ತಿತ್ತು.

ಶಾಮಲಾಗೆ ನಾನು ಏನೂ ಹೇಳಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಹೊಗೆ ಮತ್ತು ಸಪ್ಪಳ. ಸಂಕ್ರಾಂತಿಯ ಹಿಂದಿನ ವಾರ ಒಂದು ಬೆಳಿಗ್ಗೆ ಸೆರಗನ್ನು ತಲೆಗೆ ಹೊದ್ದು ಹೊರಗೆ ಬಂದಳು, ಕಿಟಕಿಯ ಗಾಜು ಬಡಿದಳು. "ದಿನಾ ಇದರಾಗ ಕೂತು ಜಪಾ ಮಾಡ್ತೀರೇನು? ಓಣಿ ಮಂದಿ ನನ್ನ ಕೇಳಾಕತ್ತಾರ. ರಘುರಾಮಣ್ಣನ್ನ ಕರೀತೀನಿ ತಡೀರಿ" ಅಂದಳು. ಬೇಡ ಅಂದೆ. ಯಾಕೆ ಎಂದು ಕೇಳಿದಳು. ಅದಕ್ಕೆ ಕೊಡಬಹುದಾದ ಉತ್ತರ ಒಂದೇ ಇತ್ತು, ಅದನ್ನು ಕೊಡಲಾರದೆ ಒಳಗಿನಿಂದ ಗಾಜು ಒರೆಸತೊಡಗಿದೆ. ನಾನು ಮಾತು ತಪ್ಪಿಸಿದರೆ ಅವಳು ಯಾವಾಗಲೂ ಒಪ್ಪಿಗೆಯೆಂದೇ ತಿಳಿಯುತ್ತಾಳೆ. ಮೇಲಕ್ಕೆ ಮುಖ ಮಾಡಿ ಕೂಗಿದಳು. ರಘುರಾಮ ಹಲ್ಲುಜ್ಜುತ್ತಿದ್ದವನು ಬಾಯಿ ತೊಳೆದು, ಮಂಕಿ ಟೋಪಿ ಹಾಕಿಕೊಂಡು ಇಳಿದು ಬಂದ.

ನಾನು ಇಳಿದು ಅವನಿಗೆ ಜಾಗ ಬಿಟ್ಟೆ. ಕಾರಿನ ಬಾಗಿಲು ತೆರೆದೇ ಇತ್ತು. ಅವನ ಎಡ ಮೊಣಕಾಲು ಮೇಲೆದ್ದು ಮುಂದಕ್ಕೆ ಹೋಗುವುದನ್ನು ನೋಡಿದೆ, ಪಾದ ಕ್ಲಚ್ಚನ್ನು ನೆಲದವರೆಗೆ ಒತ್ತುವುದನ್ನು ನೋಡಿದೆ. ಎಷ್ಟು ಸಹಜವಾಗಿತ್ತು. ಅವನಿಗೆ ತನಗೊಂದು ಎಡಗಾಲಿದೆ ಎಂಬುದೇ ನೆನಪಿರಲಿಲ್ಲ. ಅವನು ಕೋಲಿಗೆ ಕೈ ಹಾಕುವ ಮೊದಲು ಶಾಮಲಾಳ ಜೊತೆ ಏನೋ ಮಾತಾಡಿದ, ಕೊಬ್ಬರಿ ಹೋಳಿಗೆಯ ವಿಷಯವಿರಬೇಕು. ಆ ಹೊತ್ತಿನಲ್ಲಿ ನಾನು ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆ ಎಂದು ಕೇಳಬೇಡ. ಬೀಳಬಾರದು, ಕೆಟ್ಟಿರಲಿ, ಪೂರ್ತಿ ಕೆಟ್ಟಿರಲಿ ಎಂದು ನನ್ನದೇ ಕಾರಿಗೆ ಕೇಡು ಬೇಡಿಕೊಂಡೆ. ಅವನು ಎಳೆದ. ಹಲ್ಲು ಕಡಿದ ಸಪ್ಪಳವಾಯಿತು. ಮತ್ತೆ ಎಳೆದ, ಎರಡೂ ಕೈ ಹಚ್ಚಿ ಎಳೆದ. ಟೋಪಿ ಕಿತ್ತು ಪಕ್ಕಕ್ಕಿಟ್ಟು ಹೊರಗೆ ತಲೆ ಹಾಕಿದ.

"ಗುರಣ್ಣಾರ, ಇದು ಗೇರ್ ಅಲ್ಲರೀ, ಎಮ್ಮಿ. ಕೆಸರಾಗ ಕೂತದ, ಏಳಂಗಿಲ್ಲ ಅಂತದ."

ನಾನು ನಕ್ಕೆ. ಬಹಳ ಹೊತ್ತು ನಕ್ಕೆ. ಶಾಮಲಾ ನನ್ನ ಮುಖ ನೋಡಿದಳು. ಕಾರು ಕೆಟ್ಟದ್ದಕ್ಕೆ ಇಷ್ಟು ಸಂತೋಷಪಡುವವನನ್ನು ಅವಳು ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬಂದದ್ದನ್ನು ಚಳಿಯ ಮೇಲೆ ಹಾಕಿದೆ.

ಆಮೇಲಿನದ್ದು ಬೇಗ ಮುಗಿಯಿತು. ರಘುರಾಮ ಎಂಜಿನ್ ಬಂದ್ ಮಾಡಿ, ಸ್ಕೂಟರಿನಲ್ಲಿ ಹೋಗಿ ಹುಲಿಗೆಪ್ಪನನ್ನು ಹಾಸಿಗೆಯಿಂದಲೇ ಎಬ್ಬಿಸಿಕೊಂಡು ಬಂದ. ಕಾರು ತಣ್ಣಗಿದ್ದಾಗ ಅವನು ಅದನ್ನು ನೋಡಿದ್ದು ಅದೇ ಮೊದಲು. ಅವನೂ ಎಳೆದ, ಅವನಿಗೂ ಬೀಳಲಿಲ್ಲ. ಕೆಳಗೆ ನುಸುಳಿ ಪೆಟ್ಟಿಗೆಯ ಬಿರಡೆ ಬಿಚ್ಚಿದ. ಎಣ್ಣೆ ಸುರಿಯಲಿಲ್ಲ. ಸ್ವಲ್ಪ ಹೊತ್ತು ತೂತಿನಲ್ಲೇ ನಿಂತಿತ್ತು, ಆಮೇಲೆ ಕಾಕಂಬಿಯ ಹಾಗೆ ಒಂದೇ ಎಳೆಯಾಗಿ ಇಳಿಯಿತು. ಹುಲಿಗೆಪ್ಪ ಅದನ್ನು ಬೆರಳಿನಲ್ಲಿ ಉಜ್ಜಿ ಮೂಸಿ, ಇದು ಲಾರಿಯ ಹಿಂದಿನ ಅಚ್ಚಿಗೆ ಹಾಕುವ ಎಣ್ಣೆ, ಕಾರಿಗೆ ಯಾರು ಹಾಕಿದರು ಎಂದು ಕೇಳಿದ. ಆಗ ನನಗೆ ಮೇ ತಿಂಗಳು ನೆನಪಾಯಿತು. ಪೆಟ್ಟಿಗೆ ಕೂಗುತ್ತದೆ ಎಂದು ಭಾವನವರು ದಾಲ್ ಮಿಲ್ಲಿಗೆ ಒಯ್ದು, ಮಿಲ್ಲಿನ ಲಾರಿಗೆ ಹಾಕುವ ದಪ್ಪ ಎಣ್ಣೆಯನ್ನೇ ಹಾಕಿಸಿದರು. ನಮ್ಮ ಕಡೆ ಹಳೆಯ ಗಾಡಿಗಳಿಗೆಲ್ಲ ಹೀಗೇ ಮಾಡುತ್ತೇವೆ, ಸಪ್ಪಳ ಅಡಗುತ್ತದೆ ಎಂದರು. ಅಡಗಿತ್ತು ಕೂಡ. ನಾನೂ ಹೊಗಳಿದ್ದೆ. ಗುಲ್ಬರ್ಗಾದ ಬಿಸಿಲಿನಲ್ಲಿ ಅದು ಎಣ್ಣೆಯಾಗಿಯೇ ಇರುತ್ತದೆ. ಇಲ್ಲಿನ ಚಳಿಗೆ ಅಂಟಾಗಿ, ಕ್ಲಚ್ ತುಳಿದ ಮೇಲೂ ಒಳಗಿನ ಚಕ್ರಗಳನ್ನೆಲ್ಲ ಒಂದಕ್ಕೊಂದು ಹಿಡಿಸಿ ತಿರುಗಿಸುತ್ತಿತ್ತು. ಹೊಸ ಎಣ್ಣೆ ಎಂಬ ಒಂದು ಮಾತಿಗೆ ನಾವಿಬ್ಬರೂ ಅದನ್ನು ಬಿಟ್ಟುಬಿಟ್ಟಿದ್ದೆವು. ಹುಲಿಗೆಪ್ಪ ಅದನ್ನೆಲ್ಲ ಇಳಿಸಿ, ಸೀಮೆ ಎಣ್ಣೆಯಿಂದ ತೊಳೆದು, ತೆಳುವಾದದ್ದನ್ನು ಹಾಕಿದ. ಮರುದಿನ ಬೆಳಿಗ್ಗೆ ಮೊದಲ ಎಳೆತಕ್ಕೇ ಗೇರ್ ಬಿತ್ತು. ಪೆಟ್ಟಿಗೆ ಈಗ ಮೊದಲಿನಂತೆ ಕೂಗುತ್ತದೆ. ಕೂಗಲಿ.

ಇದನ್ನು ಭಾವನವರಿಗೆ ಬೇಸರವಾಗದ ಹಾಗೆ ಹೇಳು. ಅವರು ಪ್ರೀತಿಯಿಂದ ಮಾಡಿದ್ದು. ಪುಣೆಯ ಚಳಿಯನ್ನು ಬೈದುಬಿಡು, ಅವರಿಗೆ ಈ ಊರು ಎಂದೂ ಹಿಡಿಸಿಲ್ಲ, ಸಂತೋಷವಾಗುತ್ತದೆ. ನಾನು ಒಂದು ತಿಂಗಳು ಪಟ್ಟ ಪಾಡನ್ನು ನೆನೆದರೆ ಈಗ ನಾಚಿಕೆ. ಈ ಒಂದು ವಾರ ಚೆನ್ನಾಗಿ ನಿದ್ದೆ ಬಂದಿದೆ. ಕಾಲಿನ ಯೋಚನೆ ಬಂದಿಲ್ಲ ಎಂದೇ ಹೇಳಬೇಕು. ನೀನು ಮೊಣಕಾಲಿಗೆ ಎಣ್ಣೆ ಹಚ್ಚು, ನೆಲದ ಮೇಲೆ ಕೂರಬೇಡ. ಭಾವನವರಿಗೆ ನಮ್ಮಿಬ್ಬರ ನಮಸ್ಕಾರ. ಶಾಮಲಾ ನಿನಗೆ ಪ್ರತ್ಯೇಕವಾಗಿ ಬರೆಯುತ್ತೇನೆಂದು ಹೇಳಿದ್ದಾಳೆ, ಬರೆಯುವುದಿಲ್ಲ, ಆದರೆ ಅವಳ ಪ್ರೀತಿ ಇದರಲ್ಲೇ ಇದೆ ಎಂದು ತಿಳಿ.

ನಿನ್ನ ತಮ್ಮ,
ಗುರಣ್ಣ

ತಾ.ಕ.: ಮೇಲಿನದ್ದು ನಿನ್ನೆ ಬರೆದದ್ದು, ಅಂಟಿಸಿರಲಿಲ್ಲ. ಈಗ ಅಂಚೆ ಕಚೇರಿಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಗೇರ್ ಒಂದು ಬೆರಳಿಗೆ ಬಿತ್ತು. ಸ್ವಾರಗೇಟ್ ಚೌಕದಲ್ಲಿ ಪೊಲೀಸನು ಕೈ ತೋರಿಸಿದ, ಬ್ರೇಕ್ ತುಳಿದೆ, ಕ್ಲಚ್ ತುಳಿದೆ. ಕಾರು ಮುಗ್ಗರಿಸಿ ಮುಂದಿನ ಸೈಕಲ್ಲಿಗೆ ತಾಗಿ ಬಂದ್ ಬಿತ್ತು. ಸೈಕಲ್ಲಿನವನಿಗೆ ಪೆಟ್ಟಾಗಲಿಲ್ಲ. ಡೋಳೆ ಆಹೇತ್ ಕಾ ಅಂದ, ಕಣ್ಣಿವೆಯೇ ಎಂದು. ಬಗ್ಗಿ ನೋಡಿದೆ. ಎಡಗಾಲು ಕ್ಲಚ್ಚಿನ ಮೇಲೆ ಇರಲಿಲ್ಲ. ಪಕ್ಕದಲ್ಲಿ, ಕೆಳಗೆ, ಸುಮ್ಮನೆ ಇತ್ತು. ನಾನು ತುಳಿದಿದ್ದೆ ಅಕ್ಕಾ. ತುಳಿದೆ ಎಂದೇ ನನಗೆ ಈಗಲೂ ಅನ್ನಿಸುತ್ತಿದೆ. ನೋವಿಲ್ಲ. ಕಾರನ್ನು ಬದಿಗೆ ತಳ್ಳಿಸಿ ಬಿಟ್ಟು ಅಲ್ಲಿಂದ ಇಲ್ಲಿಗೆ ನಡೆದೇ ಬಂದೆ, ಹೇಗೆ ನಡೆದೆನೋ ಗೊತ್ತಿಲ್ಲ, ನನ್ನ ನಡಿಗೆ ನನಗೆ ಕಾಣುವುದಿಲ್ಲ. ಈ ಬಾರಿ ಎಣ್ಣೆ ತೆಳುವಾಗಿದೆ, ಬಿಸಿಲೂ ಬಂದಿತ್ತು.

ಇಲ್ಲಿಂದ ನೇರವಾಗಿ ಡಾಕ್ಟರ ಹತ್ತಿರ ಹೋಗುತ್ತೇನೆ. ಅವರು ಏನೇ ಹೇಳಲಿ, ನೀನು ಬಾ. ಈ ಕೊನೆಯದ್ದನ್ನು ಭಾವನವರಿಗೆ ಓದಬೇಡ, ಶಾಮಲಾಗೆ ನಾನಿನ್ನೂ ಹೇಳಿಲ್ಲ. ಯಾವ ಗಾಡಿ ಎಂದು ತಾರು ಕೊಡು, ಸ್ಟೇಷನ್ನಿಗೆ ರಿಕ್ಷಾದಲ್ಲಿ ಬರುತ್ತೇನೆ. ಇಳಿದು ಅಲ್ಲೇ ನಿಂತಿರು. ನನ್ನನ್ನು ಕಂಡರೆ ಕೂಗಬೇಡ, ಎದುರು ಬರಬೇಡ. ನಾನು ಪ್ಲಾಟ್‌ಫಾರ್ಮಿನ ಆ ತುದಿಯಿಂದ ನಿನ್ನ ಕಡೆಗೆ ನಡೆದು ಬರುತ್ತೇನೆ. ಮುಖ ನೋಡಬೇಡ. ಕಾಲು ನೋಡು.